ಟ್ಯಾಬ್‌ನಲ್ಲಿ ಅಮ್ಮ ನಗುವ ಮುಖ ಒತ್ತಿದರು, ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ನೋವು ಅಳೆಯುವ ಆ್ಯಪ್‌ಗಳ ಬಗ್ಗೆ ನಿಮ್ಮ ಅನುಭವ ಹೇಳಿ

ಕಾರ್ಕಳದ ಮಗಳು:

ಎಲ್ಲರಿಗೂ ನಮಸ್ಕಾರ. ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಅಮ್ಮನಿಗೆ 71 ವರ್ಷ. ಕಳೆದ ತಿಂಗಳು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಡಗಾಲಿನ ಗಂಟು ಬದಲಾಯಿಸುವ ಆಪರೇಶನ್ ಆಯಿತು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಆಪರೇಶನ್ ಚೆನ್ನಾಗಿಯೇ ಆಗಿದೆ, ಈಗ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾರೆ. ನಾನು ಹೇಳಲು ಹೊರಟದ್ದು ಅಲ್ಲಿನ ಎರಡನೇ ರಾತ್ರಿಯ ವಿಷಯ.

ಸುಮಾರು ಹತ್ತು ಗಂಟೆಗೆ ಡ್ಯೂಟಿ ಸಿಸ್ಟರ್ ಒಂದು ಟ್ಯಾಬ್ ಹಿಡಿದುಕೊಂಡು ಬಂದರು. ಅದರಲ್ಲಿ ಸಾಲಾಗಿ ಆರು ಮುಖ. ಮೊದಲನೆಯದು ನಗುತ್ತಿದೆ, ಕೊನೆಯದು ಕಣ್ಣೀರು ಹಾಕುತ್ತಿದೆ. ಕೆಳಗೆ ಇಂಗ್ಲಿಷ್, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡ. ಅಮ್ಮ ಓದಿದ್ದು ಮೂರನೇ ಕ್ಲಾಸು, ಮಾತಾಡುವುದು ತುಳು, ಕನ್ನಡಕ ಬ್ಯಾಗಿನೊಳಗೆ. "ಯಾವುದು ಅಂತ ಒತ್ತಿ ಅಜ್ಜಿ" ಅಂದರು. ಅಮ್ಮ ನಗುವ ಮುಖ ಒತ್ತಿದರು. ಸಿಸ್ಟರ್ ಪಕ್ಕದ ಬೆಡ್‌ಗೆ ಹೋದರು.

ಸೊನ್ನೆ ಅಂತ ದಾಖಲಾಯಿತು. ಚೀಟಿಯಲ್ಲಿ ನೋವಿನ ಇಂಜೆಕ್ಷನ್ "ಬೇಕಾದರೆ ಮಾತ್ರ" ಅಂತ ಇತ್ತು, ಸೊನ್ನೆ ಇರುವವರಿಗೆ ಯಾಕೆ ಕೊಡುತ್ತಾರೆ, ಕೊಡಲಿಲ್ಲ. ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರ ಆದಾಗ ಅಮ್ಮ ಮಂಚದ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ದಿಂಬು ಬೆವರಲ್ಲಿ ಒದ್ದೆ. "ಮಸ್ತ್ ಬೇನೆ ಉಂಡು ಮಗಾ" ಅಂದರು, ತುಂಬಾ ನೋವಿದೆ ಅಂತ. ಓಡಿ ಹೋಗಿ ಹೇಳಿದೆ, ಇಂಜೆಕ್ಷನ್ ಆಯಿತು, ಬೆಳಗಿನ ಜಾವಕ್ಕೆ ಕಣ್ಣು ಹತ್ತಿತು.

ಮರುದಿನ ಕೇಳಿದೆ, ಯಾಕಮ್ಮ ನಗುವ ಮುಖ ಒತ್ತಿದ್ದು ಅಂತ. "ಆ ಹುಡುಗಿ ಪಾಪ, ಸಂಜೆಯಿಂದ ಓಡಾಡುತ್ತಾ ಇದ್ದಾಳೆ. ಅವಳ ಕೆಲಸ ಹೇಗಿದೆ ಅಂತ ಕೇಳಿದ್ದು ಅಂದುಕೊಂಡೆ" ಅಂದರು. ಮತ್ತೆ, "ಆ ಕೊನೆಯದ್ದು ಒತ್ತಲು ನಾನೇನು ಸಣ್ಣ ಮಗುವಾ, ಎಲ್ಲರ ಎದುರು ಅಳಲಿಕ್ಕೆ?"

ಇದು ನನಗೆ ಇನ್ನೂ ಹೊಟ್ಟೆಯಲ್ಲಿ ಕುಳಿತಿದೆ. ಸಿಸ್ಟರದ್ದು ತಪ್ಪು ಅಂತ ಅಲ್ಲ, ಅವರಿಗೆ ಆ ರಾತ್ರಿ ಎಷ್ಟು ಬೆಡ್ ಇತ್ತೋ.

ಈಗಿನ ಪ್ರಶ್ನೆ ಏನೆಂದರೆ, ಮನೆಗೆ ಬಂದ ಮೇಲೂ ಒಂದು ಆ್ಯಪ್ ಕೊಟ್ಟಿದ್ದಾರೆ. ಬೆಳಗ್ಗೆ, ಸಂಜೆ 0ರಿಂದ 10ರವರೆಗೆ ಗೆರೆ ಎಳೆದು ನೋವು ಎಷ್ಟು ಅಂತ ಹಾಕಬೇಕು. ಅಮ್ಮ "ನೀನೇ ಹಾಕು" ಅನ್ನುತ್ತಾರೆ. ಮೂರು ದಿನದಿಂದ ನಾನೇ 4 ಹಾಕುತ್ತಿದ್ದೇನೆ. ಅದು ಸರಿಯಲ್ಲ ಅಂತ ಗೊತ್ತು. ಬೇರೆ ಏನು ಮಾಡಬಹುದು? ಇಂಥ ಸಾಧನ ಬಳಸಿದವರು ದಯವಿಟ್ಟು ಹೇಳಿ.

ಉಡುಪಿ ವಾರ್ಡ್ ಸಿಸ್ಟರ್:

ತಂಗಿ, ಓದಿ ಬೇಜಾರಾಯಿತು. 19 ವರ್ಷದಿಂದ ವಾರ್ಡಿನಲ್ಲಿ ಇದ್ದೇನೆ, ನಿಮ್ಮ ಅಮ್ಮನ ಹಾಗೆ ನಗುವ ಮುಖ ತೋರಿಸಿದವರನ್ನು ನಾನೂ ನೋಡಿದ್ದೇನೆ.

ಆ ನಗುವ ಮುಖದಿಂದ ಅಳುವ ಮುಖದವರೆಗಿನ ಸಾಲನ್ನು ಅಮೆರಿಕದಲ್ಲಿ ಡೋನಾ ವಾಂಗ್ ಮತ್ತು ಕೋನಿ ಬೇಕರ್ ಅನ್ನುವವರು 1980ರ ದಶಕದಲ್ಲಿ ಮಾಡಿದ್ದು, ಮಕ್ಕಳಿಗೋಸ್ಕರ. ಸುಟ್ಟ ಗಾಯದ ಮಕ್ಕಳಿಗೆ ಸಂಖ್ಯೆ ಹೇಳಲು ಬರುವುದಿಲ್ಲ ಅಲ್ವಾ, ಚಿತ್ರ ಆದರೆ ತೋರಿಸುತ್ತಾರೆ. ಆಮೇಲೆ ಅದನ್ನು ದೊಡ್ಡವರಿಗೂ ಬಳಸಿದರು. ಅದರ ತೊಂದರೆಯೇ ನಿಮ್ಮ ಅಮ್ಮನಿಗೆ ಆದದ್ದು. ನಗು ಅಂದರೆ ಖುಷಿ, ಕಣ್ಣೀರು ಅಂದರೆ ದುಃಖ. ನೋವು ಎಲ್ಲಿ ಬಂತು? ಅದಕ್ಕೇ 2001ರಲ್ಲಿ ಬಂದ ಇನ್ನೊಂದು ಮುಖದ ಸಾಲಿನಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ. ಮೊದಲ ಮುಖ ಸುಮ್ನೆ ಇರುವ ಮುಖ, ಕೊನೆಯದು ನೋವಿನಲ್ಲಿ ಕಿವುಚಿದ ಮುಖ. ನನಗೆ ಅದೇ ಇಷ್ಟ. ಯಾವುದೇ ಸಾಲಿರಲಿ, "ನಿಮ್ಮ ಮುಖ ಈಗ ಹೇಗಿದೆ ಅಂತ ಅಲ್ಲ, ಒಳಗೆ ಎಷ್ಟು ನೋವಿದೆ ಅಂತ ತೋರಿಸಿ" ಅಂತ ಬಾಯಿ ಬಿಟ್ಟು ಹೇಳಲೇಬೇಕು. ಟ್ಯಾಬ್ ಬಂದ ಮೇಲೆ ಆ ಒಂದು ಮಾತು ಎಷ್ಟೋ ಕಡೆ ಬಿಟ್ಟುಹೋಗಿದೆ. ಪೇಪರ್ ಇದ್ದಾಗ ನಾವು ಕೇಳಿ ಬರೆಯುತ್ತಿದ್ದೆವು, ಈಗ ಕೈಗೆ ಕೊಟ್ಟು ಒತ್ತಿ ಅನ್ನುತ್ತೇವೆ.

ವಯಸ್ಸಾದವರಿಗೆ ನಾನು ಒಂದು ಉಪಾಯ ಮಾಡುತ್ತೇನೆ. ಹತ್ತರಲ್ಲಿ ಎಷ್ಟು ಅಂದರೆ ಅವರಿಗೆ ತಲೆಗೆ ಹೋಗುವುದಿಲ್ಲ. "ರೂಪಾಯಿಯಲ್ಲಿ ಎಷ್ಟಾಣೆ ನೋವು?" ಅಂತ ಕೇಳಿದರೆ ತಟ್ಟನೆ ಹೇಳುತ್ತಾರೆ. ನಾಲ್ಕಾಣೆ ನಾಣ್ಯ 2011ರಲ್ಲೇ ನಿಂತರೂ ಮಾತಿನಲ್ಲಿ ಇನ್ನೂ ಇದೆ. "ಹನ್ನೆರಡಾಣೆ ಇತ್ತು ಸಿಸ್ಟರೇ, ಈಗ ಎಂಟಾಣೆ" ಅನ್ನುತ್ತಾರೆ. ಎಂಟಾಣೆ ಅಂದರೆ 5, ಹನ್ನೆರಡಾಣೆ ಅಂದರೆ 7 ಅಥವಾ 8. ನಾನು ಹಾಗೇ ಟ್ಯಾಬ್‌ಗೆ ಹಾಕುತ್ತೇನೆ.

ಇನ್ನೊಂದು. ಮಲಗಿದಾಗಿನ ನೋವು ಬೇರೆ, ಎದ್ದು ಕಾಲು ಊರುವಾಗಿನ ನೋವು ಬೇರೆ. ಎರಡನ್ನೂ ಕೇಳಿ. ಗಂಟಿನ ಆಪರೇಶನ್ ಆದವರು ಅಲ್ಲಾಡದೆ ಮಲಗಿದರೆ ನೋವು ಕಡಿಮೆಯೇ ಇರುತ್ತದೆ, ಆದರೆ ಅಲ್ಲಾಡದಿದ್ದರೆ ಗಂಟು ಗಟ್ಟಿ ಆಗುತ್ತದೆ. ಮಾತ್ರೆ ಕೊಟ್ಟು ಸುಮಾರು ಒಂದು ಗಂಟೆ ಆದ ಮೇಲೆ ಮತ್ತೆ ಕೇಳಿ. ಎಷ್ಟು ಇಳಿಯಿತು ಅನ್ನುವುದು ಡಾಕ್ಟರಿಗೆ ತುಂಬಾ ಉಪಯೋಗ.

ಮತ್ತೆ ನೀವೇ 4 ಹಾಕುವುದನ್ನು ಇವತ್ತೇ ನಿಲ್ಲಿಸಿ. ಮಾರ್ಗೋ ಮೆಕಾಫ್ರಿ ಅನ್ನುವ ನರ್ಸ್ 1968ರಲ್ಲೇ ಬರೆದಿಟ್ಟರು, ರೋಗಿ ಎಷ್ಟು ನೋವು ಅನ್ನುತ್ತಾರೋ ಅಷ್ಟೇ ನೋವು ಅನ್ನುವ ಅರ್ಥದಲ್ಲಿ. ನರ್ಸಿಂಗ್ ಓದುವಾಗ ಕಲಿತ ಮಾತು, ನಾನು ಮರೆತಿಲ್ಲ.

ಮಣಿಪಾಲ ಸಾಫ್ಟ್‌ವೇರ್:

ನಾನು ಆರೋಗ್ಯದ ಆ್ಯಪ್‌ಗಳಲ್ಲೇ ಕೆಲಸ ಮಾಡುವವನು, ಹಾಗಾಗಿ ಈ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಆ್ಯಪ್ ಬೇಡವೇ ಬೇಡ ಅಂತ ದಯವಿಟ್ಟು ತೀರ್ಮಾನಿಸಬೇಡಿ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ನನ್ನ ಮನಸ್ಸಿನಲ್ಲಿ ನಿಂತಿದೆ. ದೀರ್ಘ ಕಾಲದ ನೋವಿರುವವರಿಗೆ ಪೇಪರ್ ಡೈರಿ ಕೊಟ್ಟು ದಿನಕ್ಕೆ ಮೂರು ಹೊತ್ತು ತುಂಬಿಸಲು ಹೇಳಿದರು. ಆ ಫೈಲಿನೊಳಗೆ ಬೆಳಕನ್ನು ಗುರುತಿಸುವ ಸಣ್ಣ ಸಾಧನ ಇತ್ತು, ಫೈಲ್ ಯಾವಾಗ ತೆರೆದರು ಅಂತ ಅದು ಬರೆದಿಟ್ಟುಕೊಂಡಿತು. ಡೈರಿ ನೋಡಿದರೆ ನೂರರಲ್ಲಿ 90 ಸಲ ಹೊತ್ತಿಗೆ ಸರಿಯಾಗಿ ತುಂಬಿದ ಹಾಗಿತ್ತು. ನಿಜವಾಗಿ ತುಂಬಿದ್ದು 11 ಸಲ. ಉಳಿದದ್ದೆಲ್ಲ ಆಮೇಲೆ ನೆನಪಿನಿಂದ ಒಟ್ಟಿಗೆ ಬರೆದದ್ದು. ಎಲೆಕ್ಟ್ರಾನಿಕ್ ಡೈರಿ ಕೊಟ್ಟವರಲ್ಲಿ ಇದು 94 ಇತ್ತು. ಅದು ಹೊತ್ತಿಗೆ ನೆನಪಿಸುತ್ತದೆ, ಹೊತ್ತು ಮೀರಿದರೆ ತುಂಬಲು ಬಿಡುವುದಿಲ್ಲ.

ಇದು ಯಾಕೆ ಮುಖ್ಯ ಅಂದರೆ ನೋವಿನ ನೆನಪು ನಂಬಿಕಸ್ಥ ಅಲ್ಲ. ಕರುಳಿನ ಕ್ಯಾಮರಾ ಪರೀಕ್ಷೆ ಮಾಡಿಸಿಕೊಂಡವರ ಮೇಲೆ ರೆಡೆಲ್ಮಯರ್ ಮತ್ತು ಕಾಹ್ನೆಮನ್ 1996ರಲ್ಲಿ ತೋರಿಸಿದರು. ಆಮೇಲೆ ಕೇಳಿದರೆ ಜನ ಹೇಳುವುದು ನೋವು ಅತಿ ಜಾಸ್ತಿ ಇದ್ದ ಗಳಿಗೆ ಮತ್ತು ಕೊನೆಯ ಗಳಿಗೆಗಳ ಲೆಕ್ಕ. ಪರೀಕ್ಷೆ ಎಷ್ಟು ಹೊತ್ತು ನಡೆಯಿತು ಅನ್ನುವುದು ಆ ಲೆಕ್ಕಕ್ಕೆ ಹೆಚ್ಚು ಬರುವುದೇ ಇಲ್ಲ. ಡಾಕ್ಟರ್ ತಿಂಗಳಿಗೊಮ್ಮೆ "ಹೇಗಿತ್ತು?" ಅಂತ ಕೇಳಿದಾಗ ನಾವು ಕೊಡುವುದು ಆ ಥರದ ಉತ್ತರ. ಅವತ್ತವತ್ತಿನದ್ದು ಅವತ್ತೇ ಬರೆದಿದ್ದರೆ ಅದರ ಬೆಲೆಯೇ ಬೇರೆ.

ಆದರೆ ಆ್ಯಪ್ ಮಾಡುವ ನಾವು ತಪ್ಪು ಮಾಡುತ್ತೇವೆ, ಒಪ್ಪುತ್ತೇನೆ. ಆ ಎಳೆಯುವ ಗೆರೆ ಮೂಲದಲ್ಲಿ ಕಾಗದದ ಮೇಲಿನ 10 ಸೆಂಟಿಮೀಟರ್ ಗೆರೆ. ಫೋನಿನಲ್ಲಿ ಅದು ಒಂದೊಂದು ಪರದೆಗೆ ಒಂದೊಂದು ಉದ್ದ. ಗುಂಡಿಯನ್ನು ಮೊದಲೇ ನಡುವೆ ಇಟ್ಟರೆ ಎಷ್ಟೋ ಜನ ಅಲ್ಲೇ ಆಚೀಚೆ ಬಿಟ್ಟುಬಿಡುತ್ತಾರೆ. ಏನೂ ಮುಟ್ಟದೆ ಮುಂದೆ ಹೋದರೆ 5 ಅಂತ ದಾಖಲಾಗುವ ಆ್ಯಪ್‌ಗಳನ್ನೂ ನೋಡಿದ್ದೇನೆ. ಅಕ್ಕ, ನಿಮ್ಮ ಆ್ಯಪ್‌ನಲ್ಲಿ "ಬೇರೆಯವರು ತುಂಬಿದ್ದು" ಅಂತ ಒಂದು ಗುರುತು ಇದೆಯಾ ನೋಡಿ. ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಡಾಕ್ಟರಿಗೆ ಹೇಳಿಬಿಡಿ, ಆ ಮೂರು ದಿನದ 4 ನಿಮ್ಮ ಅಂದಾಜು ಅಂತ. ಅವರು ಅದನ್ನು ನಂಬಿ ಮಾತ್ರೆ ಕಡಿಮೆ ಮಾಡಿದರೆ ಕಷ್ಟ.

ತುಳುವಿನಲ್ಲಿ ಧ್ವನಿ ರೆಕಾರ್ಡ್ ಮಾಡಿ ಹಾಕುವುದು ತಾಂತ್ರಿಕವಾಗಿ ಏನೇನೂ ಕಷ್ಟವಲ್ಲ. ಯಾರೂ ಕೇಳಿಲ್ಲ, ಅದಕ್ಕೆ ಆಗಿಲ್ಲ. ಮುಂದಿನ ಮೀಟಿಂಗಿನಲ್ಲಿ ನಾನು ಕೇಳುತ್ತೇನೆ.

ಬಿ.ಸಿ.ರೋಡ್ ಫಿಸಿಯೋ:

ಅಂಕಿ ಒಂದೇ ಸಾಲದು ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿಗೆ ಬೀಡಿ ಕಟ್ಟುವ ಹೆಂಗಸರು ತುಂಬಾ ಬರುತ್ತಾರೆ. ಇಪ್ಪತ್ತು, ಮೂವತ್ತು ವರ್ಷ ಗೆರಸೆ ಮಡಿಲಲ್ಲಿಟ್ಟುಕೊಂಡು ಬಗ್ಗಿ ಕುಳಿತವರು. ನೋವು ಎಷ್ಟು ಅಂದರೆ ಎಲ್ಲರೂ "ಒಂತೆ" ಅನ್ನುತ್ತಾರೆ. ಸ್ವಲ್ಪ. ಮೂರು ಅಂತ ಬರೆದರೆ ಮುಗಿಯಿತು. ಆದರೆ ಕುತ್ತಿಗೆಯಿಂದ ಬೆರಳ ತುದಿಗೆ ಕರೆಂಟ್ ಹೊಡೆದ ಹಾಗೆ ಹೋಗುತ್ತದಾ, ಕೈ ಜೋಮು ಹಿಡಿಯುತ್ತದಾ, ಮೆಣಸಿನ ಹುಡಿ ಹಚ್ಚಿದ ಹಾಗೆ ಉರಿಯುತ್ತದಾ, ಅಥವಾ ಭಾರ ಹೊತ್ತ ಹಾಗೆ ಹೆಗಲು ಕಡಿಯುತ್ತದಾ ಅಂತ ಒಂದೊಂದಾಗಿ ಕೇಳಿದರೆ ಆಗ ಬಾಯಿ ಬಿಡುತ್ತಾರೆ. ಈ ವ್ಯತ್ಯಾಸ ಸುಮ್ನೆ ಮಾತಿನದ್ದಲ್ಲ. ಕರೆಂಟ್, ಉರಿ, ಜೋಮು ಅಂದರೆ ನರದ ನೋವು ಇರಬಹುದು, ಅದಕ್ಕೆ ಕೊಡುವ ಔಷಧಿಯೇ ಬೇರೆ.

1975ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್‌ಝಾಕ್ ನೋವಿನ 78 ಪದಗಳನ್ನು ಪಟ್ಟಿ ಮಾಡಿ ಒಂದು ಪ್ರಶ್ನಾವಳಿ ಮಾಡಿದರು. ರೋಗಿ ತನಗೆ ಹೊಂದುವ ಪದ ಆರಿಸಬೇಕು. ಆದರೆ ಅದನ್ನು ಸುಮ್ನೆ ಕನ್ನಡಕ್ಕೆ ತಿರುಗಿಸಿದರೆ ಆಗುವುದಿಲ್ಲ. ಸೆಳೆತ, ಸಿಡಿತ, ಕುತ್ತು, ಹಿಂಡು, ಕಡಿತ, ಉರಿ, ಇವೆಲ್ಲ ನಮ್ಮ ಪದಗಳು, ನಮ್ಮ ಅಜ್ಜಿಯಂದಿರು ಇವನ್ನು ಎಷ್ಟು ಚೆನ್ನಾಗಿ ಬೇರೆ ಬೇರೆ ಮಾಡುತ್ತಾರೆ! ತುಳುವಿನ ಬೇನೆ ಅಂದರೆ ನೋವು, ಆದರೆ ಘಟ್ಟದ ಮೇಲಿನ ಡಾಕ್ಟರಿಗೆ ಬೇನೆ ಅಂದರೆ ಕಾಯಿಲೆ ಅಂತಲೂ ಕೇಳಬಹುದು. ಕೊಂಕಣಿಯವರು ದುಕ್ತಾ ಅನ್ನುತ್ತಾರೆ. ಈ ಊರಿನ ಒಂದು ಒಳ್ಳೆಯ ಆ್ಯಪ್ ಮಾಡುವುದಾದರೆ ಮೊದಲು ಈ ಪದಗಳನ್ನು ಕೂಡಿಹಾಕಬೇಕು, ಆಮೇಲೆ ಮುಖದ ಚಿತ್ರ.

ಮೈಯ ಚಿತ್ರದ ಮೇಲೆ ಬೆರಳಿನಿಂದ ಬಣ್ಣ ಹಚ್ಚುವ ಆ್ಯಪ್‌ಗಳು ನನಗೆ ಬಹಳ ಇಷ್ಟ. ಎಲ್ಲಿ ನೋವು ಅಂತ ಬಾಯಲ್ಲಿ ಹೇಳಲಾಗದ್ದನ್ನು ಬೆರಳು ತೋರಿಸುತ್ತದೆ. ಹೋದ ತಿಂಗಳ ಚಿತ್ರ ಪಕ್ಕದಲ್ಲಿಟ್ಟು ನೋಡಿದರೆ ನೋವು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಗೊತ್ತಾಗುತ್ತದೆ.

ಕಾರ್ಕಳದ ಅಕ್ಕ, ನಿಮ್ಮ ಅಮ್ಮನಿಗೆ ಅಂಕಿಯ ಜೊತೆ ಕೆಲಸದ ಪ್ರಶ್ನೆ ಕೇಳಿ. ಬಾತ್‌ರೂಮಿಗೆ ಒಬ್ಬರೇ ಹೋದರಾ, ಮೆಟ್ಟಿಲು ಎಷ್ಟು ಇಳಿದರು, ರಾತ್ರಿ ಎಷ್ಟು ಸಲ ಎಚ್ಚರ ಆಯಿತು. ದೀರ್ಘ ಕಾಲದ ನೋವಿನಲ್ಲಿ 10ರ ಅಳತೆಯಲ್ಲಿ ಸುಮಾರು 2 ಇಳಿದರೆ, ಅಂದರೆ ಮೂರರಲ್ಲಿ ಒಂದು ಪಾಲಿನಷ್ಟು, ರೋಗಿಗೆ ನಿಜವಾಗಿ ಹಿತ ಆಗಿದೆ ಅಂತ 2001ರ ಒಂದು ಅಧ್ಯಯನ ಹೇಳುತ್ತದೆ. ನಿನ್ನೆ 5 ಇತ್ತು ಇವತ್ತು 6 ಆಯಿತು ಅಂತ ಹೆದರಬೇಡಿ.

ಮತ್ತೆ ಗಂಟೆಗೊಮ್ಮೆ ಕೇಳಬೇಡಿ. ಮರೆತು ಹೂ ಕಟ್ಟುತ್ತಾ ಕುಳಿತವರಿಗೆ ನಾವೇ ನೋವು ನೆನಪಿಸಿದ ಹಾಗೆ ಆಗುತ್ತದೆ.

ಸುರತ್ಕಲ್ ಹುಡುಗಿ:

ನನ್ನದು ಬೇರೆ ಥರದ ಅನುಭವ, ಅದಕ್ಕೆ ಬರೆಯುತ್ತಿದ್ದೇನೆ.

ಹದಿನಾರನೇ ವಯಸ್ಸಿನಿಂದ ತಿಂಗಳ ನೋವು. ಮನೆಯಲ್ಲಿ "ಎಲ್ಲರಿಗೂ ಇರುತ್ತದೆ, ಮದುವೆ ಆದರೆ ಸರಿಯಾಗುತ್ತದೆ" ಅನ್ನುತ್ತಿದ್ದರು. ಒಬ್ಬ ಡಾಕ್ಟರೂ ಹಾಗೇ ಅಂದರು. ಕಾಲೇಜಿನ ಗೆಳತಿ ಒಬ್ಬಳು ಫೋನಿನಲ್ಲಿ ಬರೆದಿಡು ಅಂದಳು. ಮೂರು ತಿಂಗಳು ಬರೆದೆ. ಯಾವ ದಿನ, ಎಷ್ಟು, ಎಲ್ಲಿ, ಎಷ್ಟು ಮಾತ್ರೆ ತಿಂದೆ, ಎಷ್ಟು ಕ್ಲಾಸು ತಪ್ಪಿತು. ಮುಟ್ಟಿನ ಹೊತ್ತಲ್ಲದ ದಿನಗಳಲ್ಲೂ 6, 7 ಇತ್ತು, ಮಲ ವಿಸರ್ಜನೆಗೆ ಹೋಗುವಾಗ ನೋವು ಬರುತ್ತಿತ್ತು, ಅದು ನನಗೇ ಗೊತ್ತಿರಲಿಲ್ಲ, ಒಟ್ಟಿಗೆ ನೋಡಿದಾಗ ಕಂಡಿತು. ಆ ಚಾರ್ಟ್ ಹಿಡಿದುಕೊಂಡು ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ಕನ್ನಡಕ ಹಾಕಿ ಪೂರ್ತಿ ನೋಡಿದರು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಇರಬಹುದು ಅಂತ ಮೊದಲ ಸಲ ಯಾರೋ ಹೇಳಿದ್ದು ಅವತ್ತು.

ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ, ಚಾರ್ಟ್ ಹೇಳಿದ್ದನ್ನು ಕೇಳಿದರು. ಅದು ಸರಿಯಾ ಅಂತ ಗೊತ್ತಿಲ್ಲ. ಆದರೆ ನನಗೆ ಚಿಕಿತ್ಸೆ ಸಿಕ್ಕಿತು.

ಉಡುಪಿ ವಾರ್ಡ್ ಸಿಸ್ಟರ್:

ತಂಗಿ, ಚಾರ್ಟ್ ಕೂಡ ನಿಮ್ಮ ಮಾತೇ. ನೀವೇ ಬರೆದದ್ದು ಅಲ್ವಾ. ಒಳ್ಳೆಯದಾಗಲಿ.

ಕುಂದಾಪುರದವ:

ಮಾತಾಡಲು ಬರುವವರ ವಿಷಯ ಇಷ್ಟು ಹೊತ್ತು ಆಯಿತು. ಮಾತೇ ನಿಂತವರ ಕತೆ ಏನು?

ನನ್ನ ಅಪ್ಪಯ್ಯನಿಗೆ ಮರೆವಿನ ಕಾಯಿಲೆ, ಏಳು ವರ್ಷ ಆಯಿತು. ಎರಡು ವರ್ಷದಿಂದ ಮಾತಿಲ್ಲ. ಕಳೆದ ಮಳೆಗಾಲದಲ್ಲಿ ಸಂಜೆ ಆದರೆ ಕೂಗುವುದು, ಊಟದ ತಟ್ಟೆ ತಳ್ಳುವುದು, ಹತ್ತಿರ ಹೋದರೆ ಹೊಡೆಯುವುದು ಶುರು ಆಯಿತು. ಕಾಯಿಲೆ ಜೋರಾಗಿದೆ ಅಂತ ನಿದ್ದೆಯ ಮಾತ್ರೆ ಕೊಟ್ಟರು. ಮೂರು ವಾರ ಹಾಗೇ ಕಳೆಯಿತು. ಕೊನೆಗೆ ಮನೆಗೆ ಬರುವ ಹೋಮ್ ನರ್ಸ್ ಒಂದು ಹಾಳೆ ತಂದರು. ಉಸಿರು, ದನಿ, ಮುಖ, ಮೈ, ಸಮಾಧಾನ ಮಾಡಿದರೆ ಆಗುತ್ತದಾ, ಹೀಗೆ ಐದು ವಿಷಯ, ಒಂದೊಂದಕ್ಕೂ 0, 1, 2. ಪೇನ್‌ಎಡ್ ಅಂತ ಹೆಸರು, 2003ರಿಂದ ಇರುವುದಂತೆ. ಅಪ್ಪಯ್ಯನಿಗೆ ಊಟದ ಹೊತ್ತಿಗೆ 7, ಉಳಿದ ಹೊತ್ತಿಗೆ 1, 2. ಊಟದ ಹೊತ್ತಿಗೇ ಯಾಕೆ ಅಂತ ಬಾಯಿ ತೆರೆಸಿ ನೋಡಿದರೆ ಹಲ್ಲಿನ ಸೆಟ್ಟಿನ ಕೆಳಗೆ ದವಡೆಯಲ್ಲಿ ದೊಡ್ಡ ಹುಣ್ಣು. ಸೆಟ್ಟು ತೆಗೆದು ಔಷಧಿ ಹಚ್ಚಿದ ಮೇಲೆ ವಾರದೊಳಗೆ ಕೂಗು ನಿಂತಿತು.

ಮೂರು ವಾರ ಅವರು ನಮಗೆ ಹೇಳುತ್ತಲೇ ಇದ್ದರು. ನಮಗೆ ಅರ್ಥ ಆಗಲಿಲ್ಲ. ಬರೆಯುವಾಗ ಈಗಲೂ ಕಣ್ಣು ತುಂಬುತ್ತದೆ.

ಈಗ ಆಸ್ಟ್ರೇಲಿಯಾದಲ್ಲಿರುವ ತಂಗಿ ಹೇಳುತ್ತಾಳೆ, ಅಲ್ಲಿ ವೃದ್ಧಾಶ್ರಮಗಳಲ್ಲಿ ಫೋನ್ ಕ್ಯಾಮರಾದಲ್ಲಿ ಮುಖ ನೋಡಿ ನೋವು ಹೇಳುವ ಪೇನ್‌ಚೆಕ್ ಅನ್ನುವ ಆ್ಯಪ್ ಇದೆ ಅಂತ. ಅದನ್ನು ನಂಬಬಹುದಾ? ತಿಳಿದವರು ಹೇಳಿ.

ಮಣಿಪಾಲ ಸಾಫ್ಟ್‌ವೇರ್:

ಅಣ್ಣ, ಅಪ್ಪಯ್ಯನ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕುಳಿತೆ.

ಪೇನ್‌ಚೆಕ್ ಬಗ್ಗೆ ಹೇಳುತ್ತೇನೆ. ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಶುರು ಆದದ್ದು, ಆಸ್ಟ್ರೇಲಿಯಾದಲ್ಲಿ 2017ರಲ್ಲಿ ವೈದ್ಯಕೀಯ ಸಾಧನ ಅಂತ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಒಟ್ಟು 42 ಅಂಶ. ಕ್ಯಾಮರಾ ಕೆಲವು ಸೆಕೆಂಡಿನಲ್ಲಿ ಮುಖದ 9 ಚಲನೆ ಮಾತ್ರ ನೋಡುತ್ತದೆ. ಹುಬ್ಬು ಗಂಟಿಕ್ಕುವುದು, ಕಣ್ಣು ಬಿಗಿಯುವುದು, ಮೂಗು ಸುಕ್ಕಾಗುವುದು, ಮೇಲ್ದುಟಿ ಏಳುವುದು ಇಂಥವು. ಉಳಿದ 33 ಅಂಶಗಳನ್ನು ನೋಡಿಕೊಳ್ಳುವವರೇ ಇದೆ, ಇಲ್ಲ ಅಂತ ತುಂಬಬೇಕು. ನರಳುತ್ತಾರಾ, ನಡೆಯುವುದು ಬದಲಾಗಿದೆಯಾ, ಊಟ ಬಿಟ್ಟಿದ್ದಾರಾ, ಗಾಯ ಇದೆಯಾ ಅಂತ. ಒಟ್ಟು 7ರಿಂದ ಸ್ವಲ್ಪ ನೋವು, 12ರಿಂದ ಮಧ್ಯಮ, 16ರಿಂದ ಮೇಲೆ ಜೋರು. ಅಂದರೆ ಬಹುಪಾಲು ಕೆಲಸ ನಿಮ್ಮ ಹೋಮ್ ನರ್ಸ್ ಮಾಡಿದ್ದೇ. ಕ್ಯಾಮರಾ ಮುಖ ನೋಡಿ ನೋವು ಹೇಳಿಬಿಡುತ್ತದೆ ಅಂತ ತಿಳಿದುಕೊಳ್ಳುವುದು ತಪ್ಪು.

ಮುಖ ಓದುವ ಕಂಪ್ಯೂಟರ್‌ಗಳ ಬಗ್ಗೆ ನನಗೆ ಒಂದು ಚಿಂತೆ ಇದೆ. ಅವು ಕಲಿಯುವುದು ನಾವು ತೋರಿಸಿದ ಮುಖಗಳಿಂದ. ಸಂಶೋಧಕರು ಹೆಚ್ಚು ಬಳಸಿದ ಒಂದು ಸಂಗ್ರಹ ಕೆನಡಾದಲ್ಲಿ ಭುಜದ ನೋವಿನವರ ವಿಡಿಯೋಗಳದ್ದು, 2011ರಲ್ಲಿ ಹಂಚಿದ್ದು. ಅದರಲ್ಲಿ ಇರುವುದು 25 ಜನ. ಮಲ್ಪೆ ಬಂದರಿನಲ್ಲಿ ನಲವತ್ತು ವರ್ಷ ಬಿಸಿಲಿಗೆ ಸುಕ್ಕಾದ ಮುಖ, ಹಲ್ಲಿಲ್ಲದ ಬಾಯಿ, ಪಾರ್ಕಿನ್‌ಸನ್‌ನಿಂದ ಬಿಗಿದ ಮುಖ, ಪಾರ್ಶ್ವವಾಯು ಆಗಿ ಒಂದು ಬದಿ ಜೋತ ಮುಖ, ಇವನ್ನೆಲ್ಲ ಅದು ಸರಿಯಾಗಿ ಓದುತ್ತದೆ ಅಂತ ಪರೀಕ್ಷೆ ಮಾಡದೆ ನಂಬಲಾಗುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರೇ ಕಪ್ಪು ಚರ್ಮದವರಲ್ಲಿ ಆಮ್ಲಜನಕ ಕಡಿಮೆ ಆದದ್ದನ್ನು ಹೆಚ್ಚು ಸಲ ಗುರುತಿಸದೆ ಬಿಡುತ್ತದೆ ಅಂತ 2020ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. ಅಷ್ಟು ಹಳೆಯ, ಸರಳ ಸಾಧನದ ಕತೆಯೇ ಹಾಗಾದರೆ, ಇದಕ್ಕೆ ಇನ್ನೂ ಜಾಸ್ತಿ ಎಚ್ಚರ ಬೇಕು.

ಇನ್ನು ವಿಡಿಯೋ ಎಲ್ಲಿ ಹೋಗುತ್ತದೆ ಅಂತ ಕೇಳಿ. ಫೋನಿನಲ್ಲೇ ಉಳಿಯುತ್ತದಾ, ಬೇರೆ ಕಡೆ ಇಡುತ್ತಾರಾ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ಕೇಳಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂದೆ ಪಡೆಯಲೂ ಬರುತ್ತದೆ ಅಂತ ಇದೆ. ಹಾಸಿಗೆ ಹಿಡಿದ ಅಪ್ಪಯ್ಯನ ಮುಖ ಅದು. ಕೇಳುವುದು ನಮ್ಮ ಹಕ್ಕು.

ಬಿಜೈ ನಿವಾಸಿ:

ಇಷ್ಟೆಲ್ಲ ಯಾಕೆ? ಬಿಪಿ ನೋಡುವ ಹಾಗೆ ನೋವು ನೋಡುವ ಮಿಷನ್ ಬಂದಿಲ್ವಾ? ಬೆರಳಿಗೆ ಹಾಕಿ ನೋಡುವಂಥದ್ದು ಇದೆ ಅಂತ ಎಲ್ಲೋ ಓದಿದ ನೆನಪು. ನಮ್ಮ ಆಫೀಸಿನಲ್ಲಿ ಬೆನ್ನು ನೋವು ಅಂತ ರಜೆ ಹಾಕುವವರಿಗೂ ಒಂದು ಪ್ರಮಾಣ ಸಿಗುತ್ತಿತ್ತು.

ಅರಿವಳಿಕೆ ಡಾಕ್ಟರ್, ಮಂಗಳೂರು:

ನೀವು ಓದಿದ್ದು ಸರಿ, ಆದರೆ ಅದು ನೀವು ಹೇಳುವ ಕೆಲಸಕ್ಕೆ ಅಲ್ಲ. ದಯವಿಟ್ಟು ಆ ಕೆಲಸಕ್ಕೆ ಯಾರೂ ಬಳಸಬಾರದು.

ಆಪರೇಶನ್ ಥಿಯೇಟರಿನಲ್ಲಿ ಬಳಸುವ ಎರಡು ಮೂರು ಸಾಧನ ಇವೆ. ಎಎನ್‌ಐ ಅನ್ನುವುದು ಇಸಿಜಿಯಿಂದ ಹೃದಯದ ಬಡಿತಗಳ ನಡುವಿನ ಅಂತರ ಹೇಗೆ ಏರಿಳಿಯುತ್ತದೆ ಅಂತ ನೋಡಿ 0ರಿಂದ 100ರೊಳಗೆ ಒಂದು ಅಂಕಿ ಕೊಡುತ್ತದೆ, ಅದರಲ್ಲಿ ಅಂಕಿ ಇಳಿದರೆ ಕಷ್ಟ ಜಾಸ್ತಿ. ಎನ್‌ಒಎಲ್ ಅನ್ನುವುದು ಬೆರಳಿಗೆ ಹಾಕುವಂಥದ್ದು. ನಾಡಿ, ಚರ್ಮದ ಬೆವರು, ಉಷ್ಣ ಎಲ್ಲ ಸೇರಿಸಿ ಲೆಕ್ಕ ಹಾಕುತ್ತದೆ, ಅದರಲ್ಲಿ ಅಂಕಿ ಏರಿದರೆ ಕಷ್ಟ ಜಾಸ್ತಿ. ರೋಗಿ ಪೂರ್ತಿ ನಿದ್ದೆಯಲ್ಲಿ ಇರುವಾಗ ನೋವಿನ ಔಷಧಿ ಸಾಲುತ್ತದಾ ಅಂತ ನೋಡಲು ಇವು ಸಹಾಯ ಮಾಡುತ್ತವೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಗಾಯದ ಸುದ್ದಿ ನರದಲ್ಲಿ ಹೋಗುವುದು ಬೇರೆ, ಅದು ನೋವಾಗಿ ಅನುಭವಕ್ಕೆ ಬರುವುದು ಬೇರೆ. ಈ ಸಾಧನಗಳು ಮೊದಲನೆಯದಕ್ಕೆ ಮೈ ಕೊಡುವ ಉತ್ತರವನ್ನು ನೋಡುತ್ತವೆ. ಎಚ್ಚರ ಇರುವವರಲ್ಲಿ ಹೆದರಿಕೆ, ಜ್ವರ, ರಕ್ತ ಹೋಗಿದ್ದು, ಬಿಪಿಗೆ ತಿನ್ನುವ ಕೆಲವು ಮಾತ್ರೆ, ಎಲ್ಲವೂ ಹೃದಯದ ಬಡಿತವನ್ನು ಬದಲಾಯಿಸುತ್ತವೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ ಎರಡು ವಿಷಯ ಒತ್ತಿ ಹೇಳಿತು. ನೋವು ಯಾವತ್ತೂ ಒಬ್ಬೊಬ್ಬರ ಸ್ವಂತ ಅನುಭವ, ಮತ್ತೆ ಬಾಯಲ್ಲಿ ಹೇಳಲಾಗದವರಿಗೆ ನೋವಿಲ್ಲ ಅಂತ ಅಲ್ಲ. ಬಿಪಿಗೆ ಪಟ್ಟಿ ಇದೆ, ಸಕ್ಕರೆಗೆ ರಕ್ತ ಇದೆ. ನೋವಿಗೆ ರೋಗಿಯೇ ಬೇಕು.

ಬೆನ್ನು ನೋವಿನ ರಜೆಗೆ ಪ್ರಮಾಣ ಅಂದಿರಲ್ಲ, ಎಂಆರ್‌ಐಯಲ್ಲಿ ಡಿಸ್ಕ್ ಸವೆದದ್ದು ಕಂಡರೂ ನೋವೇ ಇಲ್ಲದವರು ಎಷ್ಟೋ ಜನ ಇದ್ದಾರೆ. ಏನೂ ಕಾಣದೆ ನರಳುವವರೂ ಇದ್ದಾರೆ. ಯಂತ್ರ ಇಲ್ಲ ಅಂದಿತು ಅಂತ ಒಬ್ಬರ ನೋವನ್ನು ಸುಳ್ಳು ಮಾಡುವ ದಿನ ಬರಬಾರದು ಅಂತ ನನ್ನ ಆಸೆ.

ಕಾಸರಗೋಡು ಗಡಿಯಿಂದ:

ನಾನು ಪ್ಯಾಲಿಯೇಟಿವ್, ಅಂದರೆ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆಯ ಸ್ವಯಂಸೇವಕಿ. ಕ್ಯಾನ್ಸರ್ ಕೊನೆಯ ಹಂತದವರ ಮನೆಗೆ ಹೋಗುತ್ತೇವೆ. ಒಂದೇ ಮಾತು ಸೇರಿಸುತ್ತೇನೆ, ಅಳೆದ ಮೇಲೆ ಏನು?

1993ರಲ್ಲಿ ಕಲ್ಲಿಕೋಟೆಯಲ್ಲಿ ಶುರು ಆದ ಕೆಲಸದಿಂದ ನಮ್ಮ ಕಡೆ ಜೋರು ನೋವಿನ ಔಷಧಿ ಮಾರ್ಫಿನ್ ಮನೆಗೇ ತಲುಪುವ ದಾರಿ ಆಯಿತು. 2014ರಲ್ಲಿ ಮಾದಕ ವಸ್ತು ಕಾಯ್ದೆ ತಿದ್ದಿ, ಇಡೀ ದೇಶದಲ್ಲಿ ಮಾರ್ಫಿನ್ ಸಿಗುವುದು ಸುಲಭ ಆಗಲಿ ಅಂತ ಮಾಡಿದರು. ಆದರೂ ಗಡಿ ದಾಟಿದರೆ ಎಷ್ಟೋ ಮನೆಗಳಲ್ಲಿ ಅದರ ಹೆಸರು ಕೇಳಿದವರೇ ಇಲ್ಲ. ಅಂಥ ಮನೆಯಲ್ಲಿ ಆ್ಯಪ್ 9 ಅಂತ ಕೆಂಪು ತೋರಿಸಿದರೆ ಯಾರಿಗೆ ತೋರಿಸುವುದು? ನಮ್ಮಲ್ಲಿ ಈಗ ಫೋನಿನಲ್ಲೇ ದಿನಾ ಕೇಳುತ್ತೇವೆ. 7ಕ್ಕಿಂತ ಜಾಸ್ತಿ ಅಂದರೆ ಅವತ್ತೇ ನರ್ಸ್ ಹೋಗಬೇಕು ಅಂತ ನಿಯಮ ಮಾಡಿಕೊಂಡಿದ್ದೇವೆ. ನಿಯಮ ಇಲ್ಲದೆ ಬರೀ ಕೇಳುತ್ತಿದ್ದಾಗ ಒಬ್ಬರು ಅಜ್ಜ ಹೇಳಿದರು, "ದಿನಾ ಲೆಕ್ಕ ತಗೊಂಡು ಹೋಗುತ್ತೀರಿ ಮಗಳೇ, ಕಡಿಮೆ ಮಾಡಲು ಯಾರು ಬರುತ್ತಾರೆ?" ಅವತ್ತಿನಿಂದ ನಾವು ಬದಲಾಯಿಸಿದ್ದು.

ಆ್ಯಪ್ ಕೊಟ್ಟ ಆಸ್ಪತ್ರೆಗೆ ಇದನ್ನೇ ಕೇಳಿ ಅಕ್ಕ. ನಾವು ಹಾಕುವ ಅಂಕಿಯನ್ನು ದಿನಾ ನೋಡುವವರು ಯಾರು, ಎಷ್ಟು ಆದರೆ ಫೋನ್ ಬರುತ್ತದೆ.

ಕಾರ್ಕಳದ ಮಗಳು:

ಎರಡು ವಾರ ಆಯಿತು, ಬರೆಯಲು ತಡವಾದದ್ದಕ್ಕೆ ಕ್ಷಮಿಸಿ. ಎಲ್ಲವನ್ನೂ ಓದಿದೆ, ಕೆಲವನ್ನು ಅಮ್ಮನಿಗೂ ತುಳುವಿನಲ್ಲಿ ಓದಿ ಹೇಳಿದೆ. ಕುಂದಾಪುರದ ಅಪ್ಪಯ್ಯನ ವಿಷಯ ಕೇಳಿ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಆ ಪ್ರಶ್ನೆ ಕೇಳಿದೆ. ಅಂಕಿಗಳನ್ನು ನೋಡುವುದು ಮುಂದಿನ ಭೇಟಿಯ ದಿನ ಮಾತ್ರವಂತೆ. ದಿನಾ ನೋಡುವವರು ಯಾರೂ ಇಲ್ಲ. ಅದನ್ನು ಮೊದಲೇ ಹೇಳಿದ್ದರೆ ಒಳ್ಳೆಯದಿತ್ತು ಅಂದೆ. ಅಲ್ಲಿ ಫೋನ್ ತೆಗೆದ ಹುಡುಗಿ ಒಳ್ಳೆಯವಳು, ಜೋರಾದರೆ ಯಾವ ನಂಬರಿಗೆ ಮಾಡಬೇಕು ಅಂತ ಬೇರೆಯಾಗಿ ಬರೆಸಿದಳು. ನನ್ನ ಮೂರು ದಿನದ 4ರ ವಿಷಯವನ್ನೂ ಹೇಳಿದೆ, ಬರೆದುಕೊಂಡಳು.

ಆಣೆ ಲೆಕ್ಕ ಅಮ್ಮನಿಗೆ ತುಂಬಾ ಹಿಡಿಸಿತು. ಕೇಳಿದ ಮೊದಲ ದಿನವೇ, "ಮಲಗಿದರೆ ನಾಲ್ಕಾಣೆ, ಹಿಂದಿನ ಮೆಟ್ಟಿಲು ಇಳಿಯುವಾಗ ಹದಿನಾಲ್ಕಾಣೆ" ಅಂದರು. ನಾನು ಇಷ್ಟು ದಿನ ಹಾಕಿದ 4 ಎಲ್ಲಿ, ಇದು ಎಲ್ಲಿ! ವ್ಯಾಯಾಮ ಮಾಡುವುದಿಲ್ಲ, ಹಟ ಅಂತ ನಾನು ಬೈದದ್ದೂ ಇತ್ತು. ಹಟ ಅಲ್ಲ, ಹದಿನಾಲ್ಕಾಣೆ. ಡಾಕ್ಟರಿಗೆ ತಿಳಿಸಿದೆ. ಮಾತ್ರೆ ಹೆಚ್ಚು ಮಾಡಲಿಲ್ಲ, ಹೊತ್ತು ಬದಲಾಯಿಸಿದರು. ಊಟ ಆದ ಮೇಲೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನು ತಿಂಡಿಯ ಜೊತೆ, ವ್ಯಾಯಾಮಕ್ಕೆ ಒಂದು ಗಂಟೆ ಮೊದಲು. ಐದು ದಿನದಲ್ಲಿ ಮೆಟ್ಟಿಲಿನ ನೋವು ಎಂಟಾಣೆಗೆ ಬಂತು.

ಆ್ಯಪ್‌ಗೆ ಈಗ ಅಮ್ಮ ಹೇಳಿದ್ದನ್ನೇ ಹಾಕುತ್ತೇನೆ, ದಿನಕ್ಕೆ ಎರಡೇ ಸಲ. ಮೆಟ್ಟಿಲಿನ ನೋವು ಬರೆಯಲು ಅದರಲ್ಲಿ ಜಾಗ ಇಲ್ಲ, ಅದಕ್ಕೆ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ಮಣಿಪಾಲದ ತಮ್ಮ, ನಿಮ್ಮ ಮೀಟಿಂಗ್ ಏನಾಯಿತು? ತುಳು ಧ್ವನಿ ಬೇಕಾದರೆ ಅಮ್ಮ ಹೇಳಿಕೊಡುತ್ತಾರಂತೆ. "ಬೇನೆ ಏತ್ ಉಂಡು" (ನೋವು ಎಷ್ಟಿದೆ) ಅಂತ ಮೆಲ್ಲ ಕೇಳಬೇಕು, ಜೋರಾಗಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ ಅಂತ ಹೇಳಲು ಹೇಳಿದ್ದಾರೆ. ಶುಕ್ರವಾರ ಡಾಕ್ಟರ್ ಭೇಟಿ ಇದೆ, ಕ್ಯಾಲೆಂಡರನ್ನೂ ತೆಗೆದುಕೊಂಡು ಹೋಗುತ್ತೇವೆ.